ಉತ್ತರ ಕೈಸೇರುವ ಬಗೆ: ದತ್ತಸಂಚಯದ ಪ್ರಶ್ನೋತ್ತರಗಳ ಕಥೆ



ನೀವು ಗ್ರಂಥಾಲಯಕ್ಕೆ ಹೋಗಿ, ವಿಜಯನಗರದ ಇತಿಹಾಸವನ್ನು ಕುರಿತ ಪುಸ್ತಕಗಳು ಬೇಕೆಂದು ಗ್ರಂಥಪಾಲಕರನ್ನು ಕೇಳಿದಿರೆಂದು ಇಟ್ಟುಕೊಳ್ಳಿ. ಅವರು ಹಲವು ಬಗೆಯಲ್ಲಿ ಉತ್ತರ ಕೊಡಬಹುದು. "32 ಇವೆ" ಎಂದು ಎಣಿಕೆಯನ್ನಷ್ಟೇ ಹೇಳಬಹುದು. ಒಂದು ಪುಸ್ತಕ ತಂದುಕೊಟ್ಟು, ನೀವು ನೋಡಿ ಮುಗಿಸಿ "ಮುಂದಿನದು" ಎಂದಾಗ ಇನ್ನೊಂದನ್ನು ತರಬಹುದು. ಎಲ್ಲವನ್ನೂ ಒಮ್ಮೆಗೇ ತಂದು ನಿಮ್ಮ ಮೇಜಿನ ಮೇಲೆ ಪೇರಿಸಬಹುದು. ಇಲ್ಲವೇ ಒಂದು ಪಟ್ಟಿ ಬರೆದುಕೊಡಬಹುದು. ಪ್ರಶ್ನೆ ಒಂದೇ, ಪುಸ್ತಕಗಳೂ ಅವೇ. ಆದರೆ ಒಂದೊಂದಾಗಿ ತರುವಾಗ ಗ್ರಂಥಪಾಲಕರು ನಿಮಗಾಗಿ ಕಾಯುತ್ತಾ ನಿಲ್ಲಬೇಕು. ಒಮ್ಮೆಗೇ ಪೇರಿಸಿದರೆ ನಿಮ್ಮ ಮೇಜು ಸಾಲದೆ ಹೋಗಬಹುದು. ಪಟ್ಟಿಯಾದರೆ, ನೀವು ಅದನ್ನು ಓದಿ ಕಪಾಟಿನ ಬಳಿಗೆ ಹೋಗುವಷ್ಟರಲ್ಲಿ ಅದರಲ್ಲಿದ್ದ ಒಂದು ಪುಸ್ತಕವನ್ನು ಬೇರೆ ಯಾರೋ ಒಯ್ದಿರಬಹುದು.

ಗಣಕದಲ್ಲಿ ಮಾಹಿತಿಯನ್ನು ಅಚ್ಚುಕಟ್ಟಾಗಿ ಕೂಡಿಟ್ಟ ಉಗ್ರಾಣವನ್ನು ದತ್ತಸಂಚಯ ಎನ್ನುತ್ತೇವೆ. ನಿಮ್ಮ ಅಂಕಪಟ್ಟಿ, ರೈಲಿನ ಆಸನ, ಬ್ಯಾಂಕಿನ ಖಾತೆ ಎಲ್ಲವೂ ಅಂಥ ಉಗ್ರಾಣಗಳಲ್ಲಿಯೇ ಇರುತ್ತವೆ. ಅಲ್ಲಿಗೆ ಪ್ರಶ್ನೆ ಕಳಿಸುವುದನ್ನು ಪಠ್ಯಪುಸ್ತಕಗಳು ವಿಸ್ತಾರವಾಗಿ ಕಲಿಸುತ್ತವೆ. ಬಂದ ಉತ್ತರವನ್ನು ಕ್ರಮವಿಧಿಯು ಯಾವ ರೂಪದಲ್ಲಿ ಕೈಯೊಡ್ಡಿ ಪಡೆಯಬೇಕೆಂಬುದನ್ನು ಮಾತ್ರ ಅರ್ಧ ಪುಟದಲ್ಲಿ ಮುಗಿಸಿಬಿಡುತ್ತವೆ. ಈ ಅರ್ಧ ಪುಟದ ಹಿಂದೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ, ದೊಡ್ಡ ದೊಡ್ಡವರ ವಾದವಿವಾದವಿದೆ. ಬನ್ನಿ, ಅದನ್ನು ಮೊದಲಿನಿಂದ ನೋಡೋಣ.

ಅಮೆರಿಕದ 1880ರ ಜನಗಣತಿಯ ಲೆಕ್ಕಾಚಾರ ಮುಗಿಯಲು ಏಳೆಂಟು ವರ್ಷಗಳೇ ಹಿಡಿದವು. ಮುಂದಿನ ಗಣತಿ ಬರುವ ಹೊತ್ತಿಗೆ ಹಿಂದಿನದೇ ಮುಗಿದಿರುವುದಿಲ್ಲವೇನೋ ಎಂಬ ಅಂಜಿಕೆ ಹುಟ್ಟಿತು. ಆಗ ಹರ್ಮನ್ ಹಾಲೆರಿತ್ ಎಂಬ ಎಂಜಿನಿಯರ್ 1890ರ ಗಣತಿಗಾಗಿ ಒಂದು ಯಂತ್ರ ಕಟ್ಟಿದರು. ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಕಾರ್ಡು. ವಯಸ್ಸು, ಲಿಂಗ, ಕಸುಬು ಮೊದಲಾದುವಕ್ಕೆ ನಿಗದಿಯಾದ ಜಾಗದಲ್ಲಿ ಒಂದೊಂದು ತೂತು. ಗುಮಾಸ್ತೆ ಕಾರ್ಡನ್ನು ಯಂತ್ರದ ಬಾಯಿಗಿಟ್ಟು ಹಿಡಿಕೆ ಒತ್ತಿದರೆ, ತೂತಿದ್ದ ಕಡೆ ಸೂಜಿಗಳು ತೂರಿ ಕೆಳಗಿನ ಪಾದರಸದ ಬಟ್ಟಲನ್ನು ಮುಟ್ಟುತ್ತಿದ್ದವು. ವಿದ್ಯುತ್ ಹರಿದು, ಎದುರಿನ ಗಡಿಯಾರದಂಥ ಮುಖಫಲಕದಲ್ಲಿ ಮುಳ್ಳು ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ಜೊತೆಗೆ ಪಕ್ಕದ ಖಾನೆಪೆಟ್ಟಿಗೆಯ ಒಂದು ಮುಚ್ಚಳ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಗುಮಾಸ್ತೆ ಆ ಕಾರ್ಡನ್ನು ಅದರೊಳಗೆ ಹಾಕುತ್ತಿದ್ದರು.

ಇಲ್ಲಿ ಸ್ವಲ್ಪ ನಿಂತು ಗಮನಿಸಿ. ಒಂದೇ ಯಂತ್ರ ಎರಡು ಬಗೆಯ ಉತ್ತರ ಕೊಡುತ್ತಿದೆ. ಮುಖಫಲಕದ ಮುಳ್ಳು ಕೊಡುವುದು ಒಂದು ಸಂಖ್ಯೆ. ಖಾನೆಯಲ್ಲಿ ಬೀಳುವುದು ಆಯ್ದ ಕಾರ್ಡುಗಳ ಕಟ್ಟು, ಎಂದರೆ ಮತ್ತೊಮ್ಮೆ ಯಂತ್ರಕ್ಕೆ ಉಣಿಸಬಹುದಾದ ದಾಖಲೆಗಳು. ಸುಮಾರು 6 ಕೋಟಿ 26 ಲಕ್ಷ ಜನರ ಗಣತಿ ಹೀಗೆ ನಡೆಯಿತು. ಉತ್ತರದ ರೂಪವನ್ನು ಆರಿಸಿಕೊಳ್ಳುವ ಪ್ರಶ್ನೆ ಗಣಕಕ್ಕಿಂತ ಹಳೆಯದು ಎಂದು ನಾನು ಹೇಳುವುದು ಇದಕ್ಕಾಗಿ.

ಕಾರ್ಡಿನ ಜಾಗಕ್ಕೆ 1950ರ ದಶಕದಲ್ಲಿ ಕಾಂತೀಯ ಟೇಪು ಬಂತು. ಟೇಪಿನಲ್ಲಿ ದಾಖಲೆಗಳು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಹಾದುಹೋಗುತ್ತವೆ. ನಡುವಿನ ಒಂದಕ್ಕೆ ನೇರವಾಗಿ ಕೈಹಾಕುವಂತಿಲ್ಲ. 1956ರಲ್ಲಿ ಐಬಿಎಂ ಸಂಸ್ಥೆಯ ರಾಮಾಕ್ ಯಂತ್ರ ಈ ಕಟ್ಟು ಬಿಡಿಸಿತು. ಎರಡಡಿ ಅಗಲದ 50 ತಟ್ಟೆಗಳು, ಒಟ್ಟು 50 ಲಕ್ಷ ಅಕ್ಷರಗಳ ಸಂಗ್ರಹ. ಇಂದಿನ ಮೊಬೈಲಿನ ಒಂದೆರಡು ಛಾಯಾಚಿತ್ರಗಳಿಗೆ ಅದು ಭರ್ತಿಯಾದೀತು! ಆದರೂ ಬೇಕಾದ ದಾಖಲೆಯ ಬಳಿಗೆ ನೇರವಾಗಿ ಹೋಗುವ ದಾರಿ ತೆರೆಯಿತು.

ಆ ದಾರಿಯಲ್ಲಿ ನಡೆಯುವ ಕಲೆಯನ್ನು ಶಾಸ್ತ್ರವಾಗಿಸಿದವರು ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದ ಚಾರ್ಲ್ಸ್ ಬಾಕ್ಮನ್. 1960ರ ದಶಕದ ಮೊದಲ ಭಾಗದಲ್ಲಿ ಅವರು ಕಟ್ಟಿದ ವ್ಯವಸ್ಥೆಯಲ್ಲಿ ಒಂದು ದಾಖಲೆಯಿಂದ ಇನ್ನೊಂದಕ್ಕೆ ಕೊಂಡಿಗಳಿದ್ದವು. ಗಿರಾಕಿಯ ದಾಖಲೆಯಿಂದ ಅವನ ಮೊದಲ ಬೇಡಿಕೆಗೆ, ಅಲ್ಲಿಂದ ಮುಂದಿನ ಬೇಡಿಕೆಗೆ, ಹೀಗೆ ಸರಪಳಿ ಹಿಡಿದು ಹೋಗಬೇಕು. 1973ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಮಾಡಿದ ಉಪನ್ಯಾಸದಲ್ಲಿ ಬಾಕ್ಮನ್ ಕ್ರಮವಿಧಿಕಾರನನ್ನು ನಾವಿಕನಿಗೆ ಹೋಲಿಸಿದರು. ದತ್ತಾಂಶ ಗಣಕದ ಸುತ್ತ ಸುತ್ತುವ ಕಾಲ ಹೋಯಿತು, ಇನ್ನು ಮನುಷ್ಯನೇ ದತ್ತಾಂಶದ ಕಡಲಿನಲ್ಲಿ ದಾರಿ ಹುಡುಕುತ್ತಾನೆ ಎಂಬುದು ಅವರ ಮಾತಿನ ಸಾರ. ಅದನ್ನು ಕೋಪರ್ನಿಕಸನ ಕ್ರಾಂತಿಗೆ ಅವರು ಹೋಲಿಸಿದ್ದೂ ಉಂಟು. ಚಂದ್ರಯಾನದ ಅಪೊಲೊ ಯೋಜನೆಯ ಬಿಡಿಭಾಗಗಳ ಲೆಕ್ಕವಿಡಲು ಐಬಿಎಂ ಕಟ್ಟಿದ ಐಎಂಎಸ್ ವ್ಯವಸ್ಥೆಯದೂ ಇದೇ ಜಾಯಮಾನ. ಅದರ ಮುಖ್ಯ ಆಜ್ಞೆಗಳಲ್ಲೊಂದು "ಮುಂದಿನದನ್ನು ಕೊಡು" ಎಂಬುದೇ.

ಒಂದು ಸಲಕ್ಕೆ ಒಂದು ದಾಖಲೆ. ನಾವಿಕ ತಾನು ಎಲ್ಲಿದ್ದೇನೆಂಬುದನ್ನು ಸದಾ ನೆನಪಿಟ್ಟುಕೊಂಡಿರಬೇಕು. ಕೊಂಡಿಗಳನ್ನು ಯಾರಾದರೂ ಬದಲಿಸಿದರೆ ಅವನ ಹಳೆಯ ನಕ್ಷೆ ಕೆಲಸಕ್ಕೆ ಬಾರದು. ಕ್ರಮವಿಧಿಯನ್ನೇ ತಿದ್ದಿ ಬರೆಯಬೇಕು.

ಇದಕ್ಕೆ ಎದುರಾಗಿ ನಿಂತವರು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಅನಂತರ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ಐಬಿಎಂ ಸಂಶೋಧಕರಾಗಿದ್ದ ಗಣಿತಜ್ಞ. 1970ರ ಜೂನ್ ತಿಂಗಳಲ್ಲಿ ಪ್ರಕಟವಾದ ಅವರ ಪ್ರಬಂಧದ ವಾದ ಹೀಗಿತ್ತು: ದಾಖಲೆಗಳು ಯಂತ್ರದೊಳಗೆ ಹೇಗೆ ಕೂತಿವೆ, ಯಾವ ಕ್ರಮದಲ್ಲಿವೆ, ಯಾವ ದಾರಿ ಹಿಡಿದು ತಲುಪಬೇಕು ಎಂಬುದನ್ನು ಬಳಸುವವನು ತಿಳಿಯಬೇಕಾಗಿಯೇ ಇರಬಾರದು. ದತ್ತಾಂಶವನ್ನು ಸರಳ ಕೋಷ್ಟಕಗಳಾಗಿ ಭಾವಿಸಿ. ನೀವು ಗಣಿತದಲ್ಲಿ ಓದಿರುವ ಗಣಗಳಂತೆ ಅವುಗಳ ಮೇಲೆ ಕ್ರಿಯೆ ನಡೆಸಿ. ಗಣವನ್ನು ಕೊಟ್ಟು ಪ್ರಶ್ನಿಸಿದರೆ ಉತ್ತರವೂ ಗಣವೇ ಆಗಿರುತ್ತದೆ. ಗಣದ ಸದಸ್ಯರಲ್ಲಿ ಮೊದಲಿನದು, ಮುಂದಿನದು ಎಂಬುದಿಲ್ಲವಷ್ಟೆ? ಆದ್ದರಿಂದ ನಾವಿಕನ ಅಗತ್ಯವೂ ಇಲ್ಲ.

ಅದೇ ಪ್ರಬಂಧದಲ್ಲಿ ಇನ್ನೊಂದು ಸೂಕ್ಷ್ಮ ಮಾತಿದೆ. ಕೋಷ್ಟಕದಲ್ಲಿ ಹಲವು ಅಂಕಣಗಳಿದ್ದಾಗ "ಮೂರನೆಯದು, ಏಳನೆಯದು" ಎಂದು ಸ್ಥಾನವನ್ನು ನೆನಪಿಡುವ ಹೊರೆ ಬಳಸುವವನ ಮೇಲೆ ಬೀಳಬಾರದು, ಹೆಸರಿನಿಂದಲೇ ಕರೆಯುವಂತಿರಬೇಕು ಎಂದು ಕಾಡ್ ಬಯಸಿದ್ದರು. ಈ ಮಾತನ್ನು ಜ್ಞಾಪಕದಲ್ಲಿಡಿ, ಮುಂದೆ ಬೇಕಾಗುತ್ತದೆ.

1974ರಲ್ಲಿ ಮಿಷಿಗನ್ ರಾಜ್ಯದ ಆನ್ ಆರ್ಬರಿನಲ್ಲಿ ನಡೆದ ಸಮ್ಮೇಳನದಲ್ಲಿ ಬಾಕ್ಮನ್ ಮತ್ತು ಕಾಡ್ ಪಕ್ಷಗಳು ಮುಖಾಮುಖಿಯಾಗಿ ವಾದಿಸಿದವು. ಕಾಡ್ ಅವರ ಕಲ್ಪನೆಯನ್ನು ಸಾಮಾನ್ಯರೂ ಬರೆಯಬಲ್ಲ ಭಾಷೆಯಾಗಿಸುವ ಪ್ರಯತ್ನ ಅದೇ ಸಮ್ಮೇಳನದಲ್ಲಿ ಬೆಳಕಿಗೆ ಬಂತು. ಡಾನಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಮಂಡಿಸಿದ ಆ ಭಾಷೆಯ ಹೆಸರು ಸೀಕ್ವೆಲ್. ಹೆಸರಿನ ಹಕ್ಕು ಬೇರೊಂದು ಕಂಪನಿಯದಾಗಿದ್ದರಿಂದ ಮುಂದೆ ಅದು ಎಸ್‌ಕ್ಯೂಎಲ್ ಆಯಿತು. ದುಃಖದ ಸಂಗತಿಯೆಂದರೆ, ಸಮ್ಮೇಳನ ಮುಗಿದ ಕೆಲವೇ ವಾರಗಳಲ್ಲಿ, ಇನ್ನೂ ಮೂವತ್ತು ತುಂಬದ ಬಾಯ್ಸ್ ಮಿದುಳಿನ ರಕ್ತನಾಳದ ತೊಂದರೆಯಿಂದ ತೀರಿಕೊಂಡರು. ತಾವು ಹುಟ್ಟುಹಾಕಿದ ಭಾಷೆ ಜಗತ್ತನ್ನು ಆಳುವುದನ್ನು ಅವರು ನೋಡಲಿಲ್ಲ.

ಐಬಿಎಂ ಸಂಶೋಧಕರು ಸಿಸ್ಟಮ್ ಆರ್ ಎಂಬ ಪ್ರಾಯೋಗಿಕ ವ್ಯವಸ್ಥೆ ಕಟ್ಟಲು ಕೂತಾಗ ತೊಡಕು ಎದುರಾಯಿತು. ಪ್ರಶ್ನೆಯೇನೋ ಗಣದ ಭಾಷೆಯಲ್ಲಿದೆ, ಉತ್ತರವೂ ಗಣವೇ. ಆದರೆ ಆ ಉತ್ತರವನ್ನು ಬಳಸಿ ಸಂಬಳದ ಚೀಟಿ ಮುದ್ರಿಸಬೇಕಾದ ಕ್ರಮವಿಧಿ ಕೋಬಾಲ್ ಅಥವಾ ಪಿಎಲ್‌ಒನ್ ಭಾಷೆಯದು. ಎಷ್ಟು ಸಾಲುಗಳಿವೆಯೆಂದು ಮೊದಲೇ ತಿಳಿಯದ ಒಂದು ಇಡೀ ಗಣವನ್ನು ಹಿಡಿದಿಡುವ ಪಾತ್ರೆಯೇ ಅವುಗಳಲ್ಲಿಲ್ಲ! ಅವುಗಳ ಕೈ ಒಂದು ಸಲಕ್ಕೆ ಒಂದು ದಾಖಲೆಯನ್ನು ಹಿಡಿಯುವಷ್ಟೇ ದೊಡ್ಡದು. ಹೊಳೆಯಲ್ಲಿ ನೀರು ತುಂಬಿದೆ, ಮೊಗೆಯಲು ಇರುವುದು ಚೆಂಬು.

ಅದಕ್ಕೆ ಕಂಡುಕೊಂಡ ಉಪಾಯವೇ ಕರ್ಸರ್. ಪುಸ್ತಕ ಓದುವ ಮಗು ಸಾಲಿನ ಮೇಲೆ ಬೆರಳಿಡುವಂತೆ ಇದೂ ಉತ್ತರದ ಮೇಲಿಟ್ಟ ಬೆರಳು. ಮೊದಲು ಪ್ರಶ್ನೆಗೊಂದು ಕರ್ಸರ್ ಹೆಸರಿಸಿ. ಅದನ್ನು ತೆರೆಯಿರಿ. ಒಂದು ಸಾಲು ತನ್ನಿ, ಕೆಲಸ ಮಾಡಿ, ಮತ್ತೊಂದು ತನ್ನಿ. ಐಬಿಎಂ ವ್ಯವಸ್ಥೆಗಳಲ್ಲಿ ಸಾಲುಗಳು ತೀರಿದೊಡನೆ 100 ಎಂಬ ಸಂಕೇತ ಬರುತ್ತದೆ, ಆಗ ಮುಚ್ಚಿಬಿಡಿ. ಉತ್ತರ ಒಂದೇ ಸಾಲೆಂದು ಖಚಿತವಿದ್ದರೆ ಕರ್ಸರ್ ಬೇಡ, ನೇರವಾಗಿ ಚರಾಂಕಗಳಿಗೆ ತುಂಬಿಸಿಕೊಳ್ಳಬಹುದು. ಆದರೆ ಆ ನಂಬಿಕೆ ತಪ್ಪಾಗಿ ಎರಡು ಸಾಲು ಬಂದರೆ ವ್ಯವಸ್ಥೆ ದೋಷವೆಂದು ಕೂಗುತ್ತದೆ.

ಅದೇ ಹೊತ್ತಿಗೆ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕಲ್ ಸ್ಟೋನ್‌ಬ್ರೇಕರ್, ಯೂಜೀನ್ ವಾಂಗ್ ಮತ್ತು ಅವರ ವಿದ್ಯಾರ್ಥಿಗಳು ಇಂಗ್ರೆಸ್ ಎಂಬ ವ್ಯವಸ್ಥೆ ಕಟ್ಟುತ್ತಿದ್ದರು. ಅವರದು ಬೇರೆ ದಾರಿ. ಪ್ರಶ್ನೆಯ ಕೆಳಗೇ ಸಿ ಭಾಷೆಯ ಒಂದು ತುಣುಕನ್ನು ಬರೆದರಾಯಿತು. ಉತ್ತರದ ಒಂದೊಂದು ಸಾಲಿಗೂ ಆ ತುಣುಕು ಒಮ್ಮೊಮ್ಮೆ ತಾನೇ ನಡೆಯುತ್ತದೆ. ತೆರೆ, ತಾ, ಮುಚ್ಚು ಎಂಬ ಗೋಜಿಲ್ಲ. ಓದಲು ಇದೇ ಚೆಂದವೆಂದು ನನಗನಿಸುತ್ತದೆ. ಆದರೆ ಮುಂದಿನ ಸಾಲು ಯಾವಾಗ ಬರಬೇಕೆಂಬ ಹಿಡಿತ ಕರ್ಸರಿನಲ್ಲಿ ಬರೆಯುವವನ ಕೈಯಲ್ಲಿಯೇ ಉಳಿಯುತ್ತದೆ. 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಎಸ್‌ಕ್ಯೂಎಲ್‌ಗೆ ಮೊದಲ ಮಾನಕ ಪ್ರಕಟಿಸಿದಾಗ ಅದರಲ್ಲಿ ಜಾಗ ಸಿಕ್ಕಿದ್ದು ಕರ್ಸರಿಗೆ.

ಕೇಳುವುದು ಗಣದಲ್ಲಿ, ಪಡೆಯುವುದು ಒಂದೊಂದಾಗಿ. ಈ ಹೊಂದಿಕೆಯಾಗದ ಜೋಡಣೆ ಎಂಥ ಆಟ ಆಡಿಸಬಲ್ಲದು ಎಂಬುದಕ್ಕೆ ಸಿಸ್ಟಮ್ ಆರ್ ಪ್ರಯೋಗಶಾಲೆಯಲ್ಲೇ ಒಂದು ಪ್ರಸಂಗ ನಡೆಯಿತು. 1970ರ ದಶಕದ ನಡುಭಾಗ, ಅಕ್ಟೋಬರ್ 31. ಅಮೆರಿಕದಲ್ಲಿ ಮಕ್ಕಳು ಭೂತಪ್ರೇತಗಳ ವೇಷ ಹಾಕುವ ಹ್ಯಾಲೋವೀನ್ ಹಬ್ಬದ ದಿನ. ಚೇಂಬರ್ಲಿನ್, ಪೆಟ್ರೀಷಿಯಾ ಸೆಲಿಂಜರ್ ಮತ್ತು ಮಾರ್ಟನ್ ಆಸ್ಟ್ರಹಾನ್ ಒಂದು ಸರಳ ಆಜ್ಞೆಯನ್ನು ಪರೀಕ್ಷಿಸುತ್ತಿದ್ದರು: 25,000 ಡಾಲರಿಗಿಂತ ಕಡಿಮೆ ಸಂಬಳವಿರುವ ನೌಕರರೆಲ್ಲರಿಗೂ ಶೇಕಡಾ 10 ಏರಿಕೆ. ಆಜ್ಞೆ ಯಾವ ದೋಷವೂ ಇಲ್ಲದೆ ನಡೆಯಿತು. ಮುಗಿದ ಮೇಲೆ ನೋಡಿದರೆ 25,000ಕ್ಕಿಂತ ಕಡಿಮೆ ಸಂಬಳದವರು ಒಬ್ಬರೂ ಉಳಿದಿರಲಿಲ್ಲ!

ನೌಕರರಿಗೆ ಇದು ಹಬ್ಬವೇ ಸರಿ. ನಡೆದದ್ದೇನು? ಯಂತ್ರವು ಸಂಬಳದ ಏರಿಕೆ ಕ್ರಮದಲ್ಲಿದ್ದ ಸೂಚಿಯನ್ನು ಹಿಡಿದು, ಒಂದೊಂದೇ ಸಾಲನ್ನು ಕಂಡು ತಿದ್ದುತ್ತಾ ಹೋಗುತ್ತಿತ್ತು. 20,000 ಸಂಬಳದವನನ್ನು ಕಂಡಿತು, 22,000 ಮಾಡಿತು. ಸಂಬಳ ಏರಿದ್ದರಿಂದ ಆ ಸಾಲು ಸೂಚಿಯಲ್ಲಿ ಮುಂದಕ್ಕೆ ಜಿಗಿಯಿತು. ಯಂತ್ರ ಮುಂದೆ ನಡೆದಾಗ ಅದೇ ನೌಕರ ಮತ್ತೆ ಎದುರಾದ! 24,200 ಆಯಿತು. ಮತ್ತೆ ಮುಂದೆ ಸಿಕ್ಕ, 26,620 ಆಯಿತು. ಮಿತಿ ದಾಟಿದ ಮೇಲೆಯೇ ಅವನಿಗೆ ಬಿಡುಗಡೆ. ಊಟದ ಪಂಕ್ತಿಯಲ್ಲಿ ಬಡಿಸುವವನು ಮುಂದೆ ಹೋದಂತೆಲ್ಲ, ಬಡಿಸಿಕೊಂಡವನು ಎದ್ದು ಮುಂದಿನ ಎಲೆಯ ಎದುರು ಕೂತಂತೆ.

ಈ ದೋಷಕ್ಕೆ ಹ್ಯಾಲೋವೀನ್ ಸಮಸ್ಯೆ ಎಂದೇ ಹೆಸರು ನಿಂತಿತು. ಪರಿಹಾರವೆಂದರೆ ಬದಲಾಗುತ್ತಿರುವ ಅಂಕಣದ ಸೂಚಿಯನ್ನು ಹಿಡಿದು ನಡೆಯದಿರುವುದು, ಅಥವಾ ಯಾರು ಯಾರಿಗೆ ಏರಿಕೆ ಎಂಬ ಪಟ್ಟಿಯನ್ನು ಮೊದಲು ಪೂರ್ತಿ ಮಾಡಿ ಪಕ್ಕಕ್ಕಿಟ್ಟು, ಆಮೇಲೆ ತಿದ್ದಲು ಹೊರಡುವುದು. ಇಂದಿನ ದತ್ತಸಂಚಯ ತಂತ್ರಾಂಶಗಳು ಒಂದೇ ಆಜ್ಞೆಯೊಳಗೆ ಈ ಎಚ್ಚರಿಕೆಯನ್ನು ತಾವೇ ವಹಿಸುತ್ತವೆ. ಆದರೆ ನಿಮ್ಮ ಕ್ರಮವಿಧಿಯಲ್ಲಿ ನೀವೇ ಸಾಲುಸಾಲಾಗಿ ಓದುತ್ತಾ ಅದೇ ಕೋಷ್ಟಕವನ್ನು ತಿದ್ದಲು ಹೊರಟರೆ ಆ ಭೂತ ಇಂದಿಗೂ ಎದುರಾಗಬಹುದು.

ಮುಂದಿನ ಅಧ್ಯಾಯ ತಂತಿಯದು. 1990ರ ದಶಕದಲ್ಲಿ ದತ್ತಸಂಚಯ ಒಂದು ಗಣಕದಲ್ಲಿ, ಅದನ್ನು ಪ್ರಶ್ನಿಸುವ ಕ್ರಮವಿಧಿ ಇನ್ನೊಂದು ಗಣಕದಲ್ಲಿ ಇರುವುದು ವಾಡಿಕೆಯಾಯಿತು. ಈಗ ಒಂದೊಂದು ಸಾಲಿಗೂ ಪ್ರಯಾಣದ ಖರ್ಚು. ಒಂದು ಸಲ ಹೋಗಿಬರಲು ಒಂದು ಮಿಲಿಸೆಕೆಂಡು ಹಿಡಿದರೂ, ಒಂದೊಂದಾಗಿ ತಂದರೆ 10,000 ಸಾಲುಗಳಿಗೆ 10 ಸೆಕೆಂಡು ಬರಿಯ ಓಡಾಟಕ್ಕೇ ಆಯಿತು. ಹಾಗೆಂದು ಎಲ್ಲವನ್ನೂ ಒಮ್ಮೆಗೇ ತರಿಸೋಣವೆಂದರೆ, 200 ಅಕ್ಷರಗಳ 10 ಲಕ್ಷ ಸಾಲುಗಳಿಗೆ 20 ಕೋಟಿ ಅಕ್ಷರಗಳಷ್ಟು ಸ್ಮೃತಿ ಬೇಕು. ಆಗಿನ ಮೇಜಿನ ಗಣಕಗಳಲ್ಲಿ ಅದರ ಹತ್ತನೆಯ ಒಂದು ಪಾಲು ಇದ್ದರೂ ಪುಣ್ಯ.

ಈ ಇಕ್ಕಟ್ಟನ್ನು ಮುಚ್ಚುಮರೆಯಿಲ್ಲದೆ ತೋರಿಸಿದ್ದು 1995ರಲ್ಲಿ ಬಂದ ಮೈಎಸ್‌ಕ್ಯೂಎಲ್. ಅದರ ಸಿ ಭಾಷೆಯ ಸಂಗ್ರಹದಲ್ಲಿ ಉತ್ತರ ಪಡೆಯಲು ಎರಡು ಬೇರೆ ಬೇರೆ ಆಜ್ಞೆಗಳಿವೆ. ಒಂದಕ್ಕೆ ಸ್ಟೋರ್ ಎಂದು ಹೆಸರು. ಅದು ಇಡೀ ಉತ್ತರವನ್ನು ನಿಮ್ಮ ಗಣಕದ ಸ್ಮೃತಿಗೆ ತಂದು ತುಂಬುತ್ತದೆ. ಹಿಂದೆ ಮುಂದೆ ನೋಡಬಹುದು, ಎಷ್ಟು ಸಾಲುಗಳೆಂದು ಎಣಿಸಬಹುದು. ಇನ್ನೊಂದು ಯೂಸ್, ಸಾಲುಗಳು ಒಂದೊಂದಾಗಿ ಹರಿದುಬರುತ್ತವೆ, ಸ್ಮೃತಿಗೆ ಭಾರವಿಲ್ಲ. ಆದರೆ ಕೊನೆಯ ಸಾಲನ್ನು ಓದಿ ಮುಗಿಸುವವರೆಗೆ ಅದೇ ಸಂಪರ್ಕದಲ್ಲಿ ಬೇರೆ ಪ್ರಶ್ನೆ ಕೇಳುವಂತಿಲ್ಲ. ಕೇಳಿದರೆ ಆಜ್ಞೆಗಳ ಕ್ರಮ ತಪ್ಪಿದೆಯೆಂಬ ದೋಷಸೂಚನೆ ಬರುತ್ತದೆ. ನೀವು ನಿಧಾನವಾಗಿ ಓದುತ್ತಾ ಕೂತರೆ ಅತ್ತ ದತ್ತಸಂಚಯವೂ ಗ್ರಂಥಪಾಲಕರಂತೆ ನಿಮಗಾಗಿ ಕಾದು ನಿಂತಿರಬೇಕಾಗುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಸಿ ಸಂಗ್ರಹ ಬಹುಕಾಲ ಇಡೀ ಉತ್ತರವನ್ನು ಒಮ್ಮೆಗೇ ಕೊಡುತ್ತಿತ್ತು. ಸಾಲುಸಾಲಾಗಿ ಪಡೆಯುವ ಅನುಕೂಲ ಅದರಲ್ಲಿ ಬಂದದ್ದು 2012ರಲ್ಲಿ. ಪೈಥಾನ್ ಭಾಷೆಯವರು ಒಂದು, ಹಲವು, ಎಲ್ಲ ಎಂಬ ಮೂರು ಆಜ್ಞೆಗಳನ್ನಿಟ್ಟು ಆಯ್ಕೆಯನ್ನು ಬರೆಯುವವನಿಗೇ ಬಿಟ್ಟರು.

ಇಡೀ ಉತ್ತರವನ್ನು ತಂದಿಟ್ಟುಕೊಂಡ ಕ್ಷಣದಿಂದ ಅದು ನಕಲು ಎಂಬುದನ್ನೂ ಮರೆಯಬೇಡಿ. ನಮ್ಮ ರಾಜ್ಯದ ರೈತರಿಗೆ ಇದು ಪರಿಚಿತ ಸಂಗತಿ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ಪಹಣಿಗಳು ಗಣಕಕ್ಕೆ ಬಂದವು. ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ ಶುಲ್ಕ ಕಟ್ಟಿದರೆ ಮುದ್ರಿತ ಪ್ರತಿ ಸಿಗತೊಡಗಿತು. ಆ ಪ್ರತಿ ಅಂದಿನ ದಿನಕ್ಕೆ ಸತ್ಯ. ಮಾರನೆಯ ದಿನ ಆ ಜಮೀನಿನ ಹಕ್ಕು ಬದಲಾವಣೆಯಾದರೆ ಗಣಕದೊಳಗಿನ ದಾಖಲೆ ತಿದ್ದಿಹೋಗುತ್ತದೆ, ಜೇಬಿನಲ್ಲಿರುವ ಕಾಗದ ತಿದ್ದಿಹೋಗುವುದಿಲ್ಲ. ಜಮೀನು ಕೊಳ್ಳುವವರು ಹೊಸ ಪಹಣಿಯನ್ನೇ ಕೇಳುವುದು ಇದಕ್ಕಾಗಿ. 2002ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಡಾಟ್‌ನೆಟ್ ಹೊರತಂದಾಗ ಅದರಲ್ಲಿ ಸಾಲುಸಾಲಾಗಿ ಮುಂದಕ್ಕಷ್ಟೇ ಓದುವ ಒಂದು ಸಾಧನವೂ, ಸಂಪರ್ಕ ಕಡಿದ ಮೇಲೂ ಕೈಯಲ್ಲುಳಿಯುವ ನಕಲು ಕೋಷ್ಟಕಗಳ ಇನ್ನೊಂದು ಸಾಧನವೂ ಇದ್ದವು. ಎರಡನೆಯದು ಪಹಣಿಯ ಕಾಗದದ ಜಾತಿ. ಅದನ್ನು ತಿದ್ದಿ ಹಿಂದಕ್ಕೆ ಕಳಿಸುವಾಗ, ನಡುವೆ ಬೇರೆಯವರು ಮೂಲವನ್ನು ತಿದ್ದಿದ್ದಾರೆಯೇ ಎಂದು ಪರೀಕ್ಷಿಸಲೇಬೇಕು.

ಇನ್ನು ಒಂದು ಸಾಲಿನೊಳಗಿನ ರೂಪ. ಕಾಡ್ ಅವರ ಮಾತನ್ನು ನೆನಪಿಡಲು ಹೇಳಿದ್ದೆನಲ್ಲ? ಪಿಎಚ್‌ಪಿ ಭಾಷೆಯಲ್ಲಿ ಮೈಎಸ್‌ಕ್ಯೂಎಲ್ ಬಳಸುವವರು ಒಂದು ಸಾಲನ್ನು ಸ್ಥಾನದ ಸಂಖ್ಯೆಯಿಂದ ಪಡೆಯಬಹುದು, ಅಂಕಣದ ಹೆಸರಿನಿಂದ ಪಡೆಯಬಹುದು, ಇಲ್ಲವೇ ಒಂದು ವಸ್ತುವಾಗಿ ಪಡೆಯಬಹುದು. ಸಂಖ್ಯೆಯಿಂದ ಕರೆಯುವವನು, "ಎಲ್ಲ ಅಂಕಣಗಳನ್ನೂ ಕೊಡು" ಎಂಬ ನಕ್ಷತ್ರಚಿಹ್ನೆಯ ಪ್ರಶ್ನೆ ಬರೆದಿದ್ದಾನೆ ಎನ್ನಿ. ಮುಂದೆಂದೋ ಯಾರೋ ಕೋಷ್ಟಕದ ನಡುವೆ ಒಂದು ಅಂಕಣ ಸೇರಿಸುತ್ತಾರೆ. ಕ್ರಮವಿಧಿ ನಿಲ್ಲುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ಗಣಿತದ ಅಂಕವಿರಬೇಕಾದ ಕಡೆ ವಿಜ್ಞಾನದ ಅಂಕ ಮುದ್ರಿಸುತ್ತದೆ! 1970ರಲ್ಲೇ ಬೇಡವೆಂದ ಹೊರೆಯನ್ನು ನಾವೇ ಎತ್ತಿಕೊಂಡೆವು. ಹೆಸರಿನಿಂದ ಕರೆಯುವುದೇ ಲೇಸು, ಆದರೆ ಅಲ್ಲಿಯೂ ಒಂದು ಗುಂಡಿಯಿದೆ. ವಿದ್ಯಾರ್ಥಿ ಕೋಷ್ಟಕದಲ್ಲಿ 'ಹೆಸರು', ಶಾಲೆಯ ಕೋಷ್ಟಕದಲ್ಲೂ 'ಹೆಸರು' ಇದ್ದು ಎರಡನ್ನೂ ಕೂಡಿಸಿ ಕೇಳಿದರೆ, ಪಿಎಚ್‌ಪಿಯಲ್ಲಿ ಕೊನೆಗೆ ಬಂದದ್ದೇ ಉಳಿಯುತ್ತದೆ. ವಿದ್ಯಾರ್ಥಿಯ ಹೆಸರು ಶಾಲೆಯ ಹೆಸರಾಗಿಬಿಡುತ್ತದೆ. ಪ್ರಶ್ನೆಯಲ್ಲೇ ಬೇರೆ ಬೇರೆ ಹೆಸರು ಕೊಡಬೇಕು.

ವಸ್ತುವಾಗಿ ಪಡೆಯುವ ಪದ್ಧತಿ 2001ರಲ್ಲಿ ಗ್ಯಾವಿನ್ ಕಿಂಗ್ ಆರಂಭಿಸಿದ ಹೈಬರ್ನೇಟ್ ಮುಂತಾದ ತಂತ್ರಾಂಶಗಳಿಂದ ಬಹಳ ಹರಡಿತು. 100 ವಿದ್ಯಾರ್ಥಿ ವಸ್ತುಗಳು ಬಂದವು. ಒಬ್ಬೊಬ್ಬರ ಶಾಲೆ ಯಾವುದೆಂದು ಕೊಂಡಿ ಹಿಡಿದು ನೋಡಿದಿರಿ. ನಿಮಗೆ ಕಾಣದಂತೆ ತೆರೆಮರೆಯಲ್ಲಿ ಇನ್ನೂ 100 ಪ್ರಶ್ನೆಗಳು ದತ್ತಸಂಚಯಕ್ಕೆ ಹೋಗಬಹುದು. ಒಂದೇ ಪ್ರಶ್ನೆಯಲ್ಲಿ ಆಗುತ್ತಿದ್ದ ಕೆಲಸಕ್ಕೆ 101. ದಾಖಲೆಯಿಂದ ದಾಖಲೆಗೆ ಕೊಂಡಿ ಹಿಡಿದು ಹೋಗುವುದು ಯಾರ ಪದ್ಧತಿ? ಮುಂಬಾಗಿಲಿನಿಂದ ಕಳಿಸಿಕೊಟ್ಟ ಬಾಕ್ಮನ್ನರ ನಾವಿಕ ಹಿತ್ತಿಲ ಬಾಗಿಲಿನಿಂದ ಒಳಬಂದಿದ್ದಾನೆ. ಅವನನ್ನು ಪೂರ್ತಿ ದೂರಲಾರೆ. ಒಬ್ಬ ವಿದ್ಯಾರ್ಥಿಯ ವಿವರವನ್ನಷ್ಟೇ ತೆರೆದು ನೋಡುವಾಗ ಅವನ ದಾರಿಯೇ ಸರಳ.

ನಿಮ್ಮ ಕಾಲೇಜಿನ ಗಣಕದಲ್ಲಿ ಪೈಥಾನ್ ಇದ್ದರೆ ಅದರೊಡನೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ದತ್ತಸಂಚಯವೂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹತ್ತು ನೌಕರರ ಒಂದು ಕೋಷ್ಟಕ ಮಾಡಿ, ಸಂಬಳದ ಅಂಕಣಕ್ಕೆ ಸೂಚಿ ಕಟ್ಟಿ. 25,000ಕ್ಕಿಂತ ಕಡಿಮೆಯಿರುವವರನ್ನು ಸಂಬಳದ ಕ್ರಮದಲ್ಲಿ ಒಂದೊಂದೇ ಸಾಲಾಗಿ ಓದುತ್ತಾ, ಅದೇ ಸಂಪರ್ಕದಲ್ಲಿ ಇನ್ನೊಂದು ಕರ್ಸರಿನಿಂದ ಅವರ ಸಂಬಳವನ್ನು ಶೇಕಡಾ 10 ಏರಿಸಿ. ಓದುವಾಗಲೇ ತಿದ್ದಿದ ಸಾಲು ಮತ್ತೆ ಕಾಣುವುದೋ ಇಲ್ಲವೋ ಎಂಬ ಬಗ್ಗೆ ತಾನು ಯಾವ ಭರವಸೆಯನ್ನೂ ಕೊಡುವುದಿಲ್ಲವೆಂದು ಎಸ್‌ಕ್ಯೂಲೈಟ್ ತನ್ನ ಕೈಪಿಡಿಯಲ್ಲೇ ಬರೆದುಕೊಂಡಿದೆ. ಬಂದ ಸಂಬಳಗಳನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಆಮೇಲೆ ಕೋಷ್ಟಕವನ್ನು ಮೊದಲಿನಂತೆ ಮಾಡಿ, ಈ ಸಲ ಎಲ್ಲ ಸಾಲುಗಳನ್ನೂ ಒಮ್ಮೆಗೇ ಪಡೆದು, ಓದು ಪೂರ್ತಿ ಮುಗಿದ ಮೇಲೆ ಏರಿಕೆ ಮಾಡಿ. ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ.